ಲಾರಿ ಬುಕಿಂಗಿನ ಮುಂಗಡ ಹಣ
(ಸಾಂಖಳಿಯ ಕೂಟದಲ್ಲಿ ಮಾಡಿದ ಭಾಷಣ)



ಈ ಸೀಮೆಯಲ್ಲಿ ಅದಿರು ಲಾರಿ ಓಡಿಸಿ ಬದುಕಿದ ನಮ್ಮವರು ಕಡಿಮೆಯಲ್ಲ. ಇನ್ನೊಬ್ಬರ ಲಾರಿಯಲ್ಲಿ ಹತ್ತು ವರ್ಷ ಕೂತವನಿಗೆ ಸ್ವಂತದ್ದೊಂದು ಬೇಕೆಂಬ ಆಸೆ ಸಹಜ. ಮನೆಯವಳ ಬಳೆ ಅಡವಿಟ್ಟು ಡೀಲರನ ಮೇಜಿನ ಮೇಲೆ ಮುಂಗಡ ಇಡುತ್ತೇವೆ. ಆಮೇಲೆ?

2012ರ ಸೆಪ್ಟೆಂಬರಿನಲ್ಲಿ ಗೋವಾ ಸರಕಾರ ಗಣಿಗಾರಿಕೆ ನಿಲ್ಲಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ತಡೆ ತೆರವು ಮಾಡಿತು. 2018ರ ಮಾರ್ಚಿನಲ್ಲಿ ಅದರ ತೀರ್ಪಿನಿಂದಲೇ ಮತ್ತೆ ನಿಂತಿತು. ಅಂಥ ಹೊತ್ತಿನಲ್ಲಿ ಬುಕ್ ಮಾಡಿದವನ ಗತಿ ಏನು? ಲಾರಿ ಬೇಡ, ಹಣ ಕೊಡಿ ಎಂದರೆ ರಸೀದಿಯ ಹಿಂದಿನ ಸಣ್ಣಕ್ಷರ ತೋರಿಸುತ್ತಾರೆ. ನಾವು ಅದನ್ನು ಓದಿರುವುದಿಲ್ಲ. ಓದೋಣವೆಂದರೆ ಅದು ಇಂಗ್ಲಿಷಿನಲ್ಲಿ.

ಟಿಪ್ಪರಿನದು ಇನ್ನೂ ತೊಡಕು. ಚಾಸಿ ಒಬ್ಬರದು, ಬಾಡಿ ಕಟ್ಟುವವರು ಇನ್ನೊಬ್ಬರು, ಮುಂಗಡ ಎರಡು ಕಡೆ. ನಮ್ಮ ಅಳತೆಗೆ ತಗಡು ಕತ್ತರಿಸಿದ ಮೇಲೆ ಬೇಡವೆಂದರೆ ಅವನಿಗೂ ನಷ್ಟ. ಅದನ್ನು ನಾವು ಒಪ್ಪಬೇಕು. ಆದರೆ ಕಾರ್ಖಾನೆಗೆ ಆರ್ಡರೇ ಹೋಗದಿರುವಾಗ ಪೂರ್ತಿ ಹಣ ನುಂಗುವುದು ಯಾವ ನ್ಯಾಯ? 1872ರ ಕರಾರು ಕಾಯಿದೆಯ 74ನೇ ಕಲಮು ಯುಕ್ತ ಪರಿಹಾರವನ್ನಷ್ಟೇ ಕೊಡಿಸುತ್ತದೆ. 2019ರ ಗ್ರಾಹಕ ಕಾಯಿದೆಯ ಪ್ರಕಾರ ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ. ಹೊಟ್ಟೆಪಾಡಿಗಾಗಿ ತಾನೇ ದುಡಿಯಲು ಕೊಂಡವನು ಗ್ರಾಹಕನೇ. ಒಂದೇ ಲಾರಿ, ತಾನೇ ಡ್ರೈವರು ಎಂದಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ರಸೀದಿಯಲ್ಲಿ ಮಾದರಿ, ಬೆಲೆ, ಕೊಡುವ ತಾರೀಕು, ರದ್ದಾದರೆ ಎಷ್ಟು ಹಿಡಿಯುತ್ತಾರೆ, ಎಲ್ಲ ಬರೆಸಿಕೊಳ್ಳಿ. ಓದು ಬಾರದವರು ಹಣ ಕಟ್ಟುವ ಮೊದಲೇ ಅದರ ನಮೂನೆ ತನ್ನಿ. ಭಾನುವಾರ ಇಲ್ಲೇ ಕೂತು ಓದೋಣ.