ಸೀಮೆ ದಾಟಿದ ಕುರುಡುಜೀವಿ



ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ, ಮಯಾಮಿ ನಗರದ ವಿಮಾನ ನಿಲ್ದಾಣಕ್ಕೆ ಸಮೀಪವಾಗಿ, ಟಮಿಯಾಮಿ ಎಂಬ ಕಾಲುವೆಯೊಂದು ಹರಿಯುತ್ತದೆ. 2019ನೆಯ ಇಸವಿಯಲ್ಲಿ ಅಲ್ಲಿನ ಮತ್ಸ್ಯ ಮತ್ತು ವನ್ಯಜೀವಿ ಆಯೋಗದ ನೌಕರರು ಆ ಕಾಲುವೆಯ ಮೀನುಗಳನ್ನು ಎಣಿಸುತ್ತಿದ್ದರು. ನೀರಿನಲ್ಲಿ ಮೆಲ್ಲನೆ ವಿದ್ಯುತ್ತನ್ನು ಹಾಯಿಸಿ, ಮೀನುಗಳಿಗೆ ಕ್ಷಣಕಾಲ ಮಂಪರು ಬರಿಸಿ, ಎತ್ತಿ ನೋಡಿ ಮತ್ತೆ ಬಿಟ್ಟುಬಿಡುವುದು ಅವರ ಪದ್ಧತಿ. ಹಾಗೆ ಎತ್ತಿದಾಗ ಸುಮಾರು ಎರಡು ಅಡಿ ಉದ್ದದ, ಬೂದುಬಣ್ಣದ, ಕೈಯಿಲ್ಲದ ಕಾಲಿಲ್ಲದ, ಜಾರುವ ಪ್ರಾಣಿಯೊಂದು ಬಂತು. ಹಾವೆನ್ನೋಣವೆಂದರೆ ಶಲ್ಕಗಳಿಲ್ಲ, ಹಾವುಮೀನೆನ್ನೋಣವೆಂದರೆ ರೆಕ್ಕೆಗಳಿಲ್ಲ. ಇದೇನೆಂಬುದು ಹಿಡಿದವರಿಗೇ ಬಗೆಹರಿಯಲಿಲ್ಲ. ಚಿತ್ರವನ್ನೂ ಆಮೇಲೆ ಪ್ರಾಣಿಯನ್ನೂ ಫ್ಲಾರಿಡಾದ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದರು. ಪ್ರಾಣಿ ಸೆರೆಯಲ್ಲಿ ಸತ್ತುಹೋಯಿತು. ಅಲ್ಲಿನ ಶೀಹಿ ಮೊದಲಾದ ವಿದ್ವಾಂಸರು ಅದರ ಡಿ.ಎನ್.ಎ.ಯನ್ನು ಪರೀಕ್ಷಿಸಿ, ಇದು ಕೊಲಂಬಿಯಾ ಮತ್ತು ವೆನೆಜುವೆಲಾ ದೇಶಗಳ ನದಿಗಳಲ್ಲಿ ವಾಸಿಸತಕ್ಕ ‘ಟಿಫ್ಲೋನೆಕ್ಟಿಸ್ ನೇಟನ್ಸ್’ ಎಂಬ ಜಲವಾಸಿ ಸಿಸಿಲಿಯನ್ ಎಂದು 2021ರಲ್ಲಿ ಪ್ರಕಟಿಸಿದರು. ಅಮೆರಿಕ ಸಂಯುಕ್ತ ಸಂಸ್ಥಾನದ ಬಯಲಿನಲ್ಲಿ ಸಿಸಿಲಿಯನ್ ಒಂದು ಸಿಕ್ಕಿದ್ದು ಅದೇ ಮೊದಲು.

ಸಿಸಿಲಿಯನ್ ಎಂದರೆ ಏನು? ಇಟಲಿಯ ಸಿಸಿಲಿ ದ್ವೀಪಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಕೀಕಸ್’ ಎಂದರೆ ಕುರುಡು. ಅದರಿಂದ ಬಂದ ಹೆಸರು. ಹೆಸರಿನ ಧ್ವನಿಯನ್ನು ನಂಬಿ ಅರ್ಥ ಹೇಳಹೊರಟರೆ ಮೋಸಹೋಗುತ್ತೇವೆ. ನಮ್ಮ ಮುಳಬಾಗಿಲಿನ ಪಕ್ಕದ ಕುರುಡುಮಲೆಯನ್ನೇ ನೋಡಿ. ಅಲ್ಲಿ ಕುರುಡೇನೂ ಇಲ್ಲ, ದೇವತೆಗಳು ಕೂಡಿದ ‘ಕೂಡುಮಲೆ’ಯೇ ಹಾಗಾಯಿತೆಂದು ಸ್ಥಳದವರು ಹೇಳುತ್ತಾರೆ. ಸಿಸಿಲಿಯನ್ನಿನ ವಿಷಯದಲ್ಲಾದರೋ ಹೆಸರು ಬಹುಮಟ್ಟಿಗೆ ಸಾರ್ಥಕ. ಅದರ ಕಣ್ಣು ಚರ್ಮದ ಕೆಳಗೆ ಅಡಗಿರುತ್ತದೆ. ಬೆಳಕು ಕತ್ತಲೆಗಳ ಭೇದವನ್ನು ಬಿಟ್ಟು ಹೆಚ್ಚೇನೂ ಕಾಣಿಸದು. ಬದಲಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಪುಟ್ಟ ಸ್ಪರ್ಶಾಂಗವಿದ್ದು, ಅದರಿಂದ ವಾಸನೆಯನ್ನೂ ದಾರಿಯನ್ನೂ ಅರಿಯುತ್ತದೆ. ಬೆನ್ನೆಲುಬುಳ್ಳ ಬೇರಾವ ಪ್ರಾಣಿಗೂ ಈ ಅಂಗವಿಲ್ಲ.

ಕಪ್ಪೆ, ಸಾಲಮ್ಯಾಂಡರ್, ಸಿಸಿಲಿಯನ್ ಈ ಮೂರೂ ಉಭಯಚರಗಳ ಮೂರು ಶಾಖೆಗಳು. ಅಮರಸಿಂಹನು ತನ್ನ ಕೋಶದಲ್ಲಿ ಎರೆಹುಳುವನ್ನು ಕಪ್ಪೆಯೊಡನೆ ವಾರಿವರ್ಗದಲ್ಲಿಯೇ ಇರಿಸಿ, ಅದಕ್ಕೆ ‘ಮಹೀಲತಾ’, ಎಂದರೆ ನೆಲದ ಬಳ್ಳಿ ಎಂಬ ಚೆಲುವಾದ ಹೆಸರನ್ನು ಕೊಟ್ಟಿದ್ದಾನೆ. ಸಿಸಿಲಿಯನ್ನನ್ನು ಆತ ಕಂಡಿದ್ದರೆ ಅವೆರಡರ ನಡುವೆಯೇ ಕೂರಿಸುತ್ತಿದ್ದನೇನೋ. ನೋಟಕ್ಕೆ ಎರೆಹುಳುವಿನಂತೆ ಉಂಗುರ ಉಂಗುರವಾದ ಮೈ, ಕುಲಕ್ಕೆ ಕಪ್ಪೆಯ ದಾಯಾದಿ. ಪೂರ್ವಕಾಲದಲ್ಲಿ ಇವುಗಳಿಗೆ ಕಾಲುಗಳೂ ಇದ್ದವು. ಅಮೆರಿಕದ ಅರಿಜೋನದ ಬಂಡೆಗಳಲ್ಲಿ ಸಿಕ್ಕಿದ ‘ಈಯೋಸಿಸಿಲಿಯ’ ಎಂಬ ಪಳೆಯುಳಿಕೆಗೆ ನಾಲ್ಕು ಕಿರುಗಾಲುಗಳಿವೆ. ಸುಮಾರು ಹತ್ತೊಂಬತ್ತು ಕೋಟಿ ವರ್ಷಗಳ ಹಿಂದಿನ ಮಾತಿದು. ಆದುದರಿಂದ 2019ರಲ್ಲಿ ಮಯಾಮಿಗೆ ಬಂದ ಅತಿಥಿ ತನ್ನ ಪೂರ್ವಿಕರ ಖಂಡಕ್ಕೇ ಬಂದಿತೆಂದು ವಿನೋದಕ್ಕೆ ಹೇಳಬಹುದು.

ಬಂದದ್ದು ಹೇಗೆ? ದಕ್ಷಿಣ ಅಮೆರಿಕದಿಂದ ಸಮುದ್ರವನ್ನು ಈಜಿ ಬರುವುದು ಸಾಧ್ಯವಿಲ್ಲ. ಉಭಯಚರಗಳ ಮೈಗೆ ಉಪ್ಪುನೀರು ವಿಷಸಮಾನ. ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನುಗಳನ್ನು ಸಾಕುವವರು ಈ ಪ್ರಾಣಿಯನ್ನೂ ‘ರಬ್ಬರ್ ಹಾವುಮೀನು’ ಎಂಬ ಹೆಸರಿನಲ್ಲಿ ಕೊಳ್ಳುತ್ತಾರೆ. ಯಾರೋ ಸಾಕಿ, ಸಾಕಾಗಿ, ಕಾಲುವೆಗೆ ಸುರಿದರೆಂಬುದೇ ವಿದ್ವಾಂಸರ ಊಹೆ. ಇದು ಮೊಟ್ಟೆಯಿಡುವ ಜಾತಿಯಲ್ಲ. ನೀರಿನಲ್ಲಿಯೇ ಮರಿಗಳನ್ನು ಹೆರುತ್ತದೆ. ಬಸುರಿ ಒಂದು ಕಾಲುವೆಗೆ ಬಿದ್ದರೆ ಸಂಸಾರವೇ ಬಿದ್ದಂತೆ. ಅಪಾಯಕಾರಿ ಪ್ರಾಣಿಯಂತೂ ಅಲ್ಲವೆಂದೇ ಸಂಗ್ರಹಾಲಯದವರು ಹೇಳಿದರು.

ಆದರೆ ಸೀಮೆಯಾಚೆ ಕಂಡ ಪ್ರಾಣಿಗಳೆಲ್ಲ ಹೀಗೆ ಮನುಷ್ಯನ ಕೈಯಿಂದ ಜಾರಿದವುಗಳಲ್ಲ. ಇದರ ಬಂಧುವಾದ ‘ಅಟ್ರೆಟೊಕೊಯನ’ ಎಂಬುದರ ಕಥೆ ಬೇರೆ. ವಿಯೆನ್ನಾದ ವಸ್ತುಸಂಗ್ರಹಾಲಯದ ಸೀಸೆಯಲ್ಲಿ ಅದರ ಒಂದು ಹಳೆಯ ದೇಹವಿತ್ತು; ಎಲ್ಲಿ ಹಿಡಿದದ್ದೆಂಬುದಕ್ಕೆ ‘ದಕ್ಷಿಣ ಅಮೆರಿಕ’ ಎಂಬುದಕ್ಕಿಂತ ಹೆಚ್ಚಿನ ವಿಳಾಸವಿರಲಿಲ್ಲ. ಅದನ್ನು ನೋಡಿ ಎಡ್ವರ್ಡ್ ಟೇಲರ್ ಎಂಬ ಪ್ರಾಣಿಶಾಸ್ತ್ರಜ್ಞರು 1968ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟರು. ಆ ಪ್ರಾಣಿಗೆ ಶ್ವಾಸಕೋಶವೇ ಇಲ್ಲ, ಉಸಿರೆಲ್ಲ ಚರ್ಮದಿಂದ! 2011ರಲ್ಲಿ ಬ್ರೆಜಿಲ್ ದೇಶದ ಮಡೇರಾ ನದಿಗೆ ಅಣೆಕಟ್ಟನ್ನು ಕಟ್ಟುವಾಗ ಪಾತ್ರದ ಒಂದು ಭಾಗದ ನೀರನ್ನು ಬತ್ತಿಸಿದರು. ತಳದ ಬಂಡೆಗಳ ನಡುವೆ ಅದೇ ಪ್ರಾಣಿಗಳು ಜೀವಂತವಾಗಿ ದೊರೆತವು. ಅವು ಎಲ್ಲಿಂದಲೂ ಬಂದವುಗಳಲ್ಲ. ಮೊದಲಿನಿಂದ ಅಲ್ಲಿಯೇ ಇದ್ದವು. ನದಿಯ ತಳವನ್ನು ಯಾರೂ ನೋಡಿರಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿಯೂ ಈ ಬಗೆಯ ಸಂಗತಿ ನಡೆದಿದೆ. ‘ಗೆಗೆನಿಯೋಫಿಸ್’ ಎಂಬ ಕುಲವುಂಟು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಣ್ಣಿನ ಮಗನಾದ ಹಾವು. ಇವು ಪಶ್ಚಿಮ ಘಟ್ಟದ ಸೀಮೆಯವೆಂದೇ ಪುಸ್ತಕಗಳು ಹೇಳುತ್ತಿದ್ದವು. ನಮ್ಮ ಕರ್ನಾಟಕದಲ್ಲಿಯೇ 1999ರಲ್ಲಿ ಮಂಗಳೂರಿನ ಬಳಿಯ ಗುರುಪುರದಿಂದ ಒಂದು ಜಾತಿಯನ್ನೂ, 2004ರಲ್ಲಿ ಉಡುಪಿ ಜಿಲ್ಲೆಯ ಮುದೂರಿನಿಂದ ಮತ್ತೊಂದನ್ನೂ ವರ್ಣಿಸಿದರು. ಹೀಗಿರಲು 2013ರಲ್ಲಿ ಅದೇ ಕುಲದ ಒಂದು ಜಾತಿ ಪೂರ್ವ ಘಟ್ಟಗಳಲ್ಲಿ, ಒಡಿಶಾ ಮತ್ತು ಆಂಧ್ರ ಪ್ರದೇಶದ ಬೆಟ್ಟಗಳಲ್ಲಿ ಪತ್ತೆಯಾಯಿತು. ಪೂರ್ವದೇಶದ್ದೆಂಬ ಅರ್ಥದಲ್ಲಿಯೇ ಅದಕ್ಕೆ ‘ಓರಿಯಂಟಾಲಿಸ್’ ಎಂದು ಹೆಸರಾಯಿತು. ಪಶ್ಚಿಮ ಘಟ್ಟ ಎಲ್ಲಿ, ಒಡಿಶಾ ಎಲ್ಲಿ? ನಡುವೆ ಇರುವುದು ಒಣ ಬಯಲು. ಆ ಬಯಲಿನ ಒಂದು ತುಣುಕೇ ನಮ್ಮ ಕೋಲಾರ. ಹಿಂದೊಮ್ಮೆ ಈ ನಾಡೆಲ್ಲ ಹೆಚ್ಚು ತೇವವಾಗಿದ್ದಾಗ ಹರಡಿಕೊಂಡಿದ್ದ ಕುಲ, ನೆಲ ಒಣಗುತ್ತ ಬಂದಂತೆ ಎರಡು ಕಡೆಯ ತಂಪು ಬೆಟ್ಟಗಳಲ್ಲಿ ಮಾತ್ರ ಉಳಿಯಿತೆಂದು ತರ್ಕಿಸುವುದು ಯುಕ್ತವಾಗಿ ತೋರುತ್ತದೆ.

ಭಾರತದ ಸಿಸಿಲಿಯನ್ನುಗಳು ಬೆಳೆದ ಮೇಲೆ ಮಣ್ಣಿನಲ್ಲಿರುವವು. ಆದರೂ ನೀರಿನ ಋಣ ಪೂರ್ತಿ ಹರಿದಿಲ್ಲ. ‘ಇಕ್ತಿಯೋಫಿಸ್’ ಎಂಬ ಕುಲದ ಹೆಸರಿನ ಅರ್ಥವೇ ಮೀನುಹಾವು. ಇದರ ಒಂದು ಜಾತಿಗೆ 2007ರಲ್ಲಿ ನಮ್ಮ ಕೊಡಗಿನ ಹೆಸರನ್ನೇ ಇಟ್ಟರು. ತಾಯಿ ತೊರೆಯ ಅಂಚಿನ ಒದ್ದೆ ಬಿಲದಲ್ಲಿ ಮೊಟ್ಟೆಗಳನ್ನಿಟ್ಟು, ಅವುಗಳ ಸುತ್ತ ಸುರುಳಿ ಸುತ್ತಿ ಕಾವಲು ಕೂರುತ್ತಾಳೆ. ಹೊರಬಂದ ಮರಿಗಳು ನೀರಿಗಿಳಿದು ಕೆಲವು ಕಾಲ ಮೀನಿನಂತೆ ಈಜಿ, ಆಮೇಲೆ ನೆಲವನ್ನು ಸೇರುತ್ತವೆ. ಆಫ್ರಿಕದ ಒಂದು ಜಾತಿಯಲ್ಲಿಯಂತೂ ಮರಿಗಳು ತಾಯಿಯ ಹೊರಚರ್ಮವನ್ನೇ ಕೆರೆದು ತಿಂದು ಬೆಳೆಯುತ್ತವೆ. ತಾಯಿಗೆ ಹೊಸ ಚರ್ಮ ಬರುತ್ತದೆ. ಬ್ರೆಜಿಲ್ ದೇಶದ ಮತ್ತೊಂದು ಜಾತಿಯ ತಾಯಿ ಮರಿಗಳಿಗೆ ಹಾಲಿನಂತಹ ದ್ರವವನ್ನು ಉಣಿಸುವುದನ್ನು 2024ರಲ್ಲಿ ಪ್ರಕಟಿಸಿದ್ದಾರೆ.

ಈಗ ನಮ್ಮ ಕೆರೆಗಳ ಕಡೆಗೆ ಬರೋಣ. ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರಿದ್ದರೂ ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗೆ ಇಲ್ಲ. ಮಳೆ ಬಂದರೆ ಕೆರೆ, ಇಲ್ಲವಾದರೆ ಜಾಲಿ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ಅಲ್ಲಿಂದ ಕೋಡಿ ಹರಿದು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗುವಂತೆ ಏರ್ಪಾಡು. ಈ ನೀರಿನ ಗುಣಾವಗುಣಗಳ ವಾದ ಬೇರೆ ಇದೆ, ಅದಕ್ಕೆ ನಾನು ಕೈಹಾಕುವುದಿಲ್ಲ. ನನಗೆ ಮುಖ್ಯವಾದದ್ದು ಕೋಡಿ. ಬಿಡಿ ಬಿಡಿಯಾಗಿದ್ದ ಕೆರೆಗಳು ಸರಪಣಿಯಾದಾಗ, ಮೇಲಿನ ಕೆರೆಗೆ ಬಿಟ್ಟದ್ದು ಕೆಳಗಿನ ಕೆರೆಗೂ ದಾರಿಮಾಡಿಕೊಳ್ಳುತ್ತದೆ. ಆಫ್ರಿಕದ ಬೆಕ್ಕುಮೀನನ್ನು ಸಾಕಬಾರದೆಂದು ಸರ್ಕಾರದ ನಿಷೇಧವಿದ್ದರೂ ಅದು ದಕ್ಷಿಣ ಭಾರತದ ಹಲವು ನೀರುಗಳನ್ನು ಸೇರಿದೆ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಮೀನೂ ಹಾಗೆಯೇ. ಪಟ್ಟಣದ ಮನೆಗಳಲ್ಲಿ ತೊಟ್ಟಿ ಬೇಸರವಾದಾಗ, ಮಕ್ಕಳು ಅಳದಿರಲೆಂದು, ಸಂಜೆ ಹೊತ್ತು ಕೆರೆಗೆ ಹೋಗಿ ಮೀನನ್ನು ಬಿಟ್ಟುಬರುವ ತಂದೆತಾಯಂದಿರನ್ನು ನಾನು ಬಲ್ಲೆ. ಪುಣ್ಯವೆಂದೇ ಅವರ ಭಾವನೆ! ಮಯಾಮಿಯಲ್ಲಿ ನಡೆದದ್ದೂ ಇಂಥದೇ ಒಂದು ದಯೆಯಿರಬೇಕು.

ಮಣ್ಣಿನ ಮೂಲಕ ನಡೆಯುವ ಪ್ರಯಾಣವೂ ಒಂದಿದೆ. ಶ್ರೀನಿವಾಸಪುರದ ಮಾವಿನ ಸಸಿಗಳು ಬೇರಿನ ಮಣ್ಣಿನೊಡನೆ ಊರೂರಿಗೆ ಹೋಗುತ್ತವೆ. ಅಂತಹ ಮಣ್ಣಿನ ಹೆಂಟೆಯಲ್ಲಿ ಒಂದು ಗೇಣಿಗಿಂತ ಕಿರಿದಾದ ಕುರುಡುಹಾವು ಅಡಗಿರುವುದು ಹೊಸದೇನಲ್ಲ. ಇದು ನಮ್ಮ ನಾಡಿನ ಪ್ರಾಣಿ. ಇದರಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು. ಒಂದೇ ಒಂದು ಹೋದರೂ ವಂಶ ಬೆಳೆಯುತ್ತದೆ. ಹೂವಿನ ಕುಂಡಗಳಲ್ಲಿ ಕುಳಿತು ಇದು ಹಡಗೇರಿ ಅದೇ ಫ್ಲಾರಿಡಾವನ್ನೂ ಸೇರಿದೆ. ಅವರ ಸೀಮೆಗೆ ನಮ್ಮದು, ಸಮನಾದ ಕಪ್ಪಕಾಣಿಕೆ.

ಇದಕ್ಕೆ ನೇರ ಎದುರಾದ ಪ್ರಾಣಿಯೂ ನಮ್ಮಲ್ಲಿಯೇ ಇದೆ. 1994ರಲ್ಲಿ ಕಾಕ್ ಮತ್ತು ಭಟ್ ಎಂಬವರು ಕೋಲಾರ ಜಿಲ್ಲೆಯ ಹನುಮನಹಳ್ಳಿ, ತೇರಹಳ್ಳಿಗಳ ಬಂಡೆಗುಹೆಗಳಿಂದ ಎಲೆಮೂಗಿನ ಬಾವಲಿಯ ಒಂದು ಜಾತಿಯನ್ನು ವರ್ಣಿಸಿದರು. ಲೋಕದಲ್ಲಿ ಬೇರೆಲ್ಲಿಯೂ ಅದು ಕಂಡಿಲ್ಲ. ಈಗ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಉಳಿದಿದೆ. ಅದಕ್ಕೆ ದಾಟಲು ಸೀಮೆಯೇ ಇಲ್ಲ. ಬಂಡೆಯನ್ನು ಸಿಡಿಸಿದರೆ ಮುಗಿಯಿತು.

ಮಾಲೂರಿನಲ್ಲಿ ಇಟ್ಟಿಗೆಗೆಂದು ಮಣ್ಣು ತೆಗೆಯುವವರೂ, ಕೆರೆಯ ಹೂಳನ್ನು ಎತ್ತುವವರೂ, ತೋಟದ ಪಾತಿ ಬಿಡಿಸುವವರೂ ಇಂತಹ ಹುರಿಯಂಥ ಜೀವಿಗಳನ್ನು ಕಾಣುತ್ತಲೇ ಇರುತ್ತಾರೆ. ಕನ್ನಡದವರು ‘ಎರಡು ತಲೆಯ ಹಾವು’ ಎನ್ನುತ್ತಾರೆ, ಮುಳಬಾಗಿಲು, ಶ್ರೀನಿವಾಸಪುರಗಳ ತೆಲುಗಿನ ಮನೆಗಳಲ್ಲಿ ‘ರೆಂಡು ತಲಲ ಪಾಮು’ ಎನ್ನುತ್ತಾರೆ. ಹೆಸರು ಯಾವುದಾದರೂ ಸಲಿಕೆಯ ಏಟು ಒಂದೇ. ಏಟು ಹಾಕುವ ಮೊದಲು ಎರಡು ನಿಮಿಷ ನೋಡಿರಿ. ಮೈ ಒಣಗಿ ಹೊಳೆಯುತ್ತ, ಸಣ್ಣ ಶಲ್ಕಗಳಿದ್ದು, ಸೀಳುನಾಲಗೆ ಹೊರಗೆ ಆಡಿದರೆ ಕುರುಡುಹಾವು. ಅದು ಇರುವೆಗಳ ಮೊಟ್ಟೆ ತಿನ್ನುವ ಸಾಧು. ಉಂಗುರಗಳಿಲ್ಲದ ನುಣುಪು ಮೈಯಿದ್ದು, ಗಂಟಲಿನ ಕೆಳಗೆ ಕಿವಿರಿನ ಸೀಳಿದ್ದರೆ ಕೆಸರಿನ ಹಾವುಮೀನು. ಉಂಗುರಗಳಿದ್ದು ಬಾಯಿ, ದವಡೆ ಯಾವುದೂ ಕಾಣದಿದ್ದರೆ ಎರೆಹುಳು. ಮೈ ಒದ್ದೆಯಾಗಿ, ಉಂಗುರಗಳಿದ್ದು, ಬಾಯಿ ತೆರೆದರೆ ಹಲ್ಲುಗಳೂ ಕಂಡರೆ ಮಾತ್ರ ಅದನ್ನು ಮುಟ್ಟದೆ, ಕೈಯಲ್ಲಿರುವ ಮೊಬೈಲಿನಲ್ಲಿ ತಲೆಯ ಮತ್ತು ಬಾಲದ ತುದಿಯ ಚಿತ್ರಗಳನ್ನು ತೆಗೆದುಕೊಳ್ಳಿ. ಕೆರೆಯ ಹೆಸರು, ತಾರೀಖು, ಮಣ್ಣೋ ನೀರೋ ಎಂಬಿಷ್ಟನ್ನು ಬರೆದು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೋ ಅರಣ್ಯ ಇಲಾಖೆಯವರಿಗೋ ತಲುಪಿಸಿ. ತಾರೀಖನ್ನು ಮಾತ್ರ ಮರೆಯಬೇಡಿ. ವಿಯೆನ್ನಾದ ಸೀಸೆಯ ಮೇಲೆ ಊರಿನ ಹೆಸರಿದ್ದಿದ್ದರೆ ಟೇಲರರ ಪ್ರಾಣಿಯ ನೆಲೆಯನ್ನು ಕಾಣಲು 2011ರವರೆಗೆ ಕಾಯಬೇಕಾಗಿರಲಿಲ್ಲ.