ಘೋಷಣೆಗಿಂತ ಮೊದಲು ಯಾದಿ ಓದೋಣ



ನಾನು ಸೋಲಾಪುರದಲ್ಲಿ ಬಿ.ಎ. ಓದುತ್ತಿದ್ದೇನೆ. ಆದರೆ ರಾಜಕಾರಣವನ್ನ ಪುಸ್ತಕಕ್ಕಿಂತ ಮೊದಲು ನಮ್ಮತ್ತಿಯ ಚುನಾವಣೆಯಾಗ ಕಲತೆ. ಅಕ್ಕಲಕೋಟ ತಾಲೂಕಿನ ನಮ್ಮೂರ ಗ್ರಾಮಪಂಚಾಯತಿಗೆ ಆಕೆ ನಿಂತಿದ್ದಳು. ಹಲಗಿ ಬಾರಿಸಿದೆವು, ನೀಲಿ ಝೇಂಡಾ ಹಿಡಿದು ಓಣಿ ಓಣಿ ಸುತ್ತಿದೆವು, ಗಂಟಲು ಹರಿಯುವಂಗ ಕೂಗಿದೆವು. ಒಂಬತ್ತು ಮತದಿಂದ ಸೋತಳು. ಆಮೇಲೆ ಮತದಾರರ ಯಾದಿ ಹಿಡಿದು ಎಣಿಸಿದರೆ, ನಮ್ಮ ಓಣಿಯವರೇ ಇಪ್ಪತ್ಮೂರು ಮಂದಿ ದುಡಿಯಾಕ ಪುಣೆಗೆ ಹೋಗಿದ್ದರು. ಅವರಿಗೆ ಒಂದು ಫೋನ್ ಮಾಡಿದವರಿಲ್ಲ.

ಸೋಲಿಗಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಫಲಿತಾಂಶ ಬಂದ 30 ದಿನದೊಳಗೆ ಸೋತವರೂ ಖರ್ಚಿನ ಲೆಕ್ಕ ಕೊಡಬೇಕು ಅನ್ನೋದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೋಟಿಸು ಬಂತು. ಅದನ್ನ ಬಾಬಾಸಾಹೇಬರ ಫೋಟೋದ ಹಿಂದೆ ಇಟ್ಟು ಮರೆತೆವು. ಐದು ವರ್ಷ ಆಕೆ ಅನರ್ಹಳಾದಳು. ಯಾರನ್ನ ಬೈಯೂದು? ತಪ್ಪು ನಮ್ಮದೇ.

ಗೆಳೆಯರೇ, ಇದನ್ನೆಲ್ಲ ಕಲಿಸಬೇಕು ಅಂತ ಬಾಬಾಸಾಹೇಬರು ಎಂದೋ ಕಂಡುಕೊಂಡಿದ್ದರು. 1937ರಲ್ಲಿ ಮುಂಬಯಿ ಪ್ರಾಂತದ ಚುನಾವಣೆಗೆ ಅವರ ಸ್ವತಂತ್ರ ಮಜೂರ ಪಕ್ಷ 17 ಮಂದಿಯನ್ನ ನಿಲ್ಲಿಸಿತು, ಬಹಳಷ್ಟು ಮಂದಿ ಗೆದ್ದರು. ಸ್ವಾತಂತ್ರ್ಯದ ನಂತರ ಮೊದಲ ಲೋಕಸಭೆ ಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ಸ್ವತಃ ಅವರೇ ಸೋತರು. 1956ರಲ್ಲಿ ಮುಂಬಯಿಯಲ್ಲಿ, ರಾಜಕಾರಣಕ್ಕೆ ಇಳಿಯುವವರಿಗಾಗಿಯೇ ಒಂದು ತರಬೇತಿ ಶಾಲೆ ತೆರೆದರು. ಮೊದಲ ತಂಡದಲ್ಲಿ 15 ವಿದ್ಯಾರ್ಥಿಗಳು. ಅದೇ ವರ್ಷ ಡಿಸೆಂಬರ್ 6ಕ್ಕೆ ಅವರು ನಮ್ಮನ್ನ ಅಗಲಿದರು. ಶಾಲೆಯೂ ಬಹಳ ದಿನ ನಡೆಯಲಿಲ್ಲ. ಅವರ ಪುತ್ಥಳಿಗಳನ್ನ ಊರೂರಿಗೆ ನಿಲ್ಲಿಸಿದೆವು. ಆ ಶಾಲೆಯನ್ನ ಮಾತ್ರ ನಮ್ಮ ಓಣಿಗೆ ತರಲಿಲ್ಲ.

ಇವತ್ತು ಮೀಸಲು ಸೀಟು ಬಂದಾಗ ಏನಾಗತೈತಿ, ನಿಮಗೇ ಗೊತ್ತು. ಊರ ದೊಡ್ಡವರು ನಮ್ಮೊಳಗಿನ ಒಬ್ಬ ಬಾಯಿಲ್ಲದವರನ್ನ ಹುಡುಕತಾರ. ಫಾರ್ಮ್ ಅವರೇ ತುಂಬತಾರ, ಜೀಪು ಅವರದೇ, ಚಹಾ-ನಾಷ್ಟಾ ಅವರದೇ. ಗೆದ್ದ ಮೇಲೆ ಸಹಿಯೂ ಅವರು ಹೇಳಿದಲ್ಲೇ. ಪ್ರಚಾರ ಯಾರು ನಡೆಸತಾರೋ ಪಂಚಾಯತಿನೂ ಅವರೇ ನಡೆಸತಾರ. ಅದಕ್ಕೇ ಪ್ರಚಾರ ನಡೆಸೂದನ್ನ ನಾವು ಕಲಿಯಬೇಕು.

ಏನು ಕಲಿಯೂದು? ಮೊದಲು ಕಾಗದ. ಜಾತಿ ದಾಖಲೆ, ಜಾತ ಪಡತಾಳಣಿ ಇವುಗಳ ಅರ್ಜಿಯನ್ನ ಚುನಾವಣೆ ಸಾರಿದ ಮೇಲೆ ಅಲ್ಲ, ಈಗಲೇ ಹಾಕಬೇಕು. ಎರಡನೆಯದು ಯಾದಿ. ವಾರ್ಡಿನ ಒಂದೊಂದು ಮನೆ ಓದಬೇಕು: ಯಾರು ಊರಾಗ ಅದಾರ, ಯಾರು ಕಬ್ಬಿಗೆ ಹೋಗ್ಯಾರ, ಹದಿನೆಂಟು ತುಂಬಿದ ಯಾರ ಹೆಸರು ಸೇರಿಲ್ಲ. ಹತ್ತು ಮನೆಗೆ ಒಬ್ಬ ಕಾರ್ಯಕರ್ತ ಸಾಕು. ಮೂರನೆಯದು ಲೆಕ್ಕ. ಆವತ್ತಿನ ಖರ್ಚು ಆವತ್ತೇ ವಹಿಗೆ ಹತ್ತಬೇಕು, ಪಾವತಿ ಜೋಪಾನ ಇಡಬೇಕು.

ನಾಲ್ಕನೆಯದು ಮಾತು. ಪಂಚಾಯತಿಯ ಸ್ವಂತ ಉತ್ಪನ್ನದಾಗ 15 ಟಕ್ಕೆ ಹಿಂದುಳಿದವರ ಸಲುವಾಗಿ ಖರ್ಚಾಗಬೇಕು. ನಮ್ಮೂರಾಗ ಅದು ಎಲ್ಲಿ ಹೋಯ್ತು? ಈ ಒಂದು ಪ್ರಶ್ನೆ ಹಿಡಿದು ಮನೆ ಮನೆಗೆ ಹೋಗ್ರಿ. ಕರಪತ್ರ ಮರಾಠಿಯಾಗ ಇರಲಿ, ಆದರೆ ಕಟ್ಟೆಯ ಮೇಲೆ ಕೂತ ಅಜ್ಜಿಗೆ ಕನ್ನಡದಾಗ ಬಾಯಿಂದಲೇ ಹೇಳಬೇಕು.

ಕಡೆಗೆ ನನ್ನ ವಿನಂತಿ. ಈ ವಾರ್ಷಿಕೋತ್ಸವದ ಮಂಟಪ ಬಿಚ್ಚಿದ ಮರುವಾರದಿಂದಲೇ ಸಂಘದ ಕೋಣೆಯಲ್ಲಿ ರವಿವಾರಕ್ಕೊಮ್ಮೆ ಎರಡು ತಾಸು ಪಾಠ ಶುರುಮಾಡೋಣ. ಹತ್ತು ಮಂದಿ ಸಾಕು, ಅರ್ಧ ಹೆಣ್ಣುಮಕ್ಕಳಿರಲಿ. ಪಂಚಾಯತಿಯ ಅರ್ಧ ಸೀಟು ಅವರದೇ ಅಲ್ಲೇನು? ಮೊದಲ ಪಾಠಕ್ಕೆ ನಮ್ಮತ್ತಿ ಬರತಾಳ. ಆ ನೋಟಿಸು ಇನ್ನೂ ಆಕೆಯ ಹತ್ರ ಐತಿ. ಅದೇ ನಮ್ಮ ಮೊದಲ ಪುಸ್ತಕ.

ಜೈಭೀಮ.