ಸೋತ ವರ್ಷದ ಲೆಕ್ಕ

ಊರಿನಲ್ಲಿ ಹೊಸದಾಗಿ ಒಂದು ಕ್ರಿಕೆಟ್ ಸಂಘ ಹುಟ್ಟಿತೆಂದರೆ ಯಾರೂ ಬೆರಗಾಗುವುದಿಲ್ಲ. ಹುಮ್ಮಸ್ಸಿನ ಹನ್ನೊಂದು ತರುಣರು, ಎರಡು ದಾಂಡು, ಒಂದು ಚೆಂಡು ಇದ್ದರೆ ಸಂಘ ಹುಟ್ಟಿತು. ಹೆಸರಿಡುವುದಕ್ಕೆ ಒಂದು ಸಂಜೆ ಸಾಕು. ಆ ಸಂಘ ಹತ್ತು ವರ್ಷ ಬಾಳಿತೆಂದರೆ ಬೆರಗಾಗಬೇಕು. ಗೆದ್ದ ವರ್ಷದಲ್ಲಿ ಎಲ್ಲ ಸಂಘಗಳೂ ಗಟ್ಟಿಯಾಗಿಯೇ ಕಾಣುತ್ತವೆ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದನ್ನು ಸೋತ ವರ್ಷ ತೂರಿ ತೋರಿಸುತ್ತದೆ. ಆ ಸೋತ ವರ್ಷದ ಲೆಕ್ಕವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯನ್ನು ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ತೊರೆಗಳ ಎಡೆಯ ನಾಡು ಎಂದರ್ಥ. ಇಲ್ಲಿ ಆಟಗಾರನಿಗೆ ಮೊದಲ ಎದುರಾಳಿ ನೆಲವೇ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಇಂಥಲ್ಲಿ ಹುಲ್ಲಿನ ಪಿಚ್ ಬೆಳೆಸಿ, ನೀರುಣಿಸಿ, ರೋಲರ್ ಎಳೆಯುವುದು ಸಣ್ಣ ಸಂಘದ ಕೈಲಾಗುವ ಕೆಲಸವಲ್ಲ. ಆದ್ದರಿಂದ ನೆಲವನ್ನು ಗಟ್ಟಿಯಾಗಿ ಮಟ್ಟಮಾಡಿ, ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಕಬ್ಬಿಣದ ಮೊಳೆ ಹೊಡೆದು ಆಡುತ್ತಾರೆ. ಮ್ಯಾಟನ್ನು ಬಿಗಿಯಾಗಿ ಎಳೆದಿದ್ದರೆ ಚೆಂಡು ನಂಬಿಕಸ್ತನಂತೆ ಎತ್ತರಕ್ಕೆ ಪುಟಿಯುತ್ತದೆ. ಅದರ ಮೇಲೆ ಪಳಗಿದ ಹುಡುಗ ದೂರದ ಊರಿನ ಹುಲ್ಲಿನ ಪಿಚ್ಚಿಗೆ ಹೋದಾಗ ಚೆಂಡು ಮೊಣಕಾಲಿನ ಮಟ್ಟದಲ್ಲೇ ಬಂದುಬಿಡುತ್ತದೆ. ಅವನ ದಾಂಡು ಎದೆಯೆತ್ತರದಲ್ಲಿ ಕಾಯುತ್ತಿರುತ್ತದೆ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂದು ಜನ ನಗುತ್ತಾರೆ. ಇಲಿಯಾದದ್ದು ಹುಡುಗನಲ್ಲ, ಬದಲಾದದ್ದು ನೆಲ ಎಂಬುದು ನಗುವವರಿಗೆ ಹೊಳೆಯುವುದಿಲ್ಲ.

ಇನ್ನು ವರ್ಷದ ನಡೆಯನ್ನು ನೋಡೋಣ. ಮಳೆ ಹಿಂದೆಗೆದು ದಸರೆ ಕಳೆದ ಮೇಲೆ ಆಟಕ್ಕೆ ಕಳೆ ಬರುತ್ತದೆ. ಆಗ ಎಲ್ಲರೂ ಇರುತ್ತಾರೆ, ಮೊದಲ ಪಂದ್ಯಗಳನ್ನು ಗೆಲ್ಲುತ್ತಾರೆ. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬರುತ್ತದೆ. ಗಂಜಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ವೇಗದ ಬೌಲರನಿಗೆ ಭಾನುವಾರವೂ ಬಿಡುವಿಲ್ಲ. ತುಂಗಭದ್ರಾ ಕಾಲುವೆಯ ನೀರುಂಡ ಮಾನ್ವಿಯ ಹೊಲಗಳಲ್ಲಿ ಭತ್ತದ ಕೊಯ್ಲು ಬಂದರೆ ಅಲ್ಲಿಯ ಹುಡುಗ ಮನೆಯ ಕೆಲಸ ಬಿಟ್ಟು ಬರಲಾರ. ದೇವದುರ್ಗದವನು ಬೆಳಗಿನ ಬಸ್ಸು ತಪ್ಪಿಸಿಕೊಂಡರೆ ತಂಡಕ್ಕೆ ಹತ್ತೇ ಮಂದಿ. ಸಂಕ್ರಾಂತಿ ದಾಟಿದರೆ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಭಯ. ಯುಗಾದಿ ದಾಟಿದರೆ ನಲವತ್ತು ಡಿಗ್ರಿ ಮೀರುವ ಬಿಸಿಲು. ದಸರೆಯಲ್ಲಿ ಏರಿದ ಸಂಘ ಶಿವರಾತ್ರಿಯ ಹೊತ್ತಿಗೆ ಇಳಿಯುವುದಕ್ಕೆ ಇಷ್ಟು ಕಾರಣಗಳಿರುತ್ತವೆ. ಇವುಗಳಲ್ಲಿ ಒಂದೂ ಸ್ಕೋರು ಪುಸ್ತಕದಲ್ಲಿ ಕಾಣುವುದಿಲ್ಲ.

ಸೋಲು ಬಂದ ಮೇಲೆ ಸಭೆ ಸೇರುತ್ತದೆ. ರನ್ ಔಟಾದ ಇಬ್ಬರದೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕಥೆ. ಸೊನ್ನೆಗೆ ಮರಳಿದವನಿಗೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಮ್ಯಾಟೇ ಡೊಂಕು. ಇದೆಲ್ಲ ನಗೆಯ ಮಾತಾಯಿತು. ನಗೆಯಲ್ಲದ ಮಾತೊಂದಿದೆ. ಕಪ್ಪು ತಂದ ವರ್ಷ ಕರೆದು ಪಟ್ಟಿ ಕೊಟ್ಟ ಅಂಗಡಿಯವರು ಸೋತ ವರ್ಷ ನಾಳೆ ಬಾ ಎನ್ನುತ್ತಾರೆ. ಚರ್ಮದ ಚೆಂಡಿಗೆ ದುಡ್ಡಿಲ್ಲ, ಹರಿದ ಮ್ಯಾಟಿಗೆ ಹೊಲಿಗೆಯಿಲ್ಲ. ಕೊನೆಗೊಂದು ದಿನ ದಾಂಡು ಒಬ್ಬರ ಮನೆಗೆ, ಪ್ಯಾಡು ಇನ್ನೊಬ್ಬರ ಮನೆಗೆ, ಸಂಘ ಮುಗಿಯಿತು. ರಾಯಚೂರಿನ ಹುಡುಗ ನಗರದಲ್ಲೇ ಇನ್ನೊಂದು ಸಂಘ ಹುಡುಕಿಕೊಂಡಾನು. ಹೆಚ್ಚುಕಡಿಮೆ ಐವತ್ತು ಕಿಲೋಮೀಟರು ದೂರದ ದೇವದುರ್ಗದವನಿಗೆ, ಮಾನ್ವಿಯವನಿಗೆ ಗುರುತಿದ್ದದ್ದು ಅದೊಂದೇ ಬಾಗಿಲು. ಸಂಘ ಮುರಿದರೆ ನಿಜವಾದ ನಷ್ಟ ಅವರಿಗೆ.

ಸೋಲು ದೊಡ್ಡವರನ್ನೂ ಬಿಟ್ಟಿಲ್ಲ. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1937-38ರ ರಣಜಿ ಟ್ರೋಫಿಯ ಅಂತಿಮ ಪಂದ್ಯವನ್ನು ಹೈದರಾಬಾದು ತಂಡ ಮುಂಬಯಿಯಲ್ಲಿ ನವಾನಗರದ ವಿರುದ್ಧ ಆಡಿತು. ಮೊದಲ ಸರದಿಯಲ್ಲಿ 113ಕ್ಕೆ ಕುಸಿದ ತಂಡಕ್ಕೆ ಗೆಲ್ಲಲು 310 ರನ್ನು ಬೇಕಾಯಿತು. ಒಂಬತ್ತು ಮಂದಿ ಔಟಾದರೂ ಎಡುಲ್ಜಿ ಐಬಾರಾ 137 ರನ್ನು ಮಾಡಿ ಕದಲದೆ ನಿಂತರು. ಒಂದೇ ವಿಕೆಟ್ಟಿನಿಂದ ಪಂದ್ಯ ಗೆದ್ದಿತು. ನಮ್ಮ ಕಾಲದ ಮಾತಾದರೆ, 2010ರ ಜನವರಿಯಲ್ಲಿ ಮೈಸೂರಿನಲ್ಲಿ ಮುಂಬಯಿಯ ವಿರುದ್ಧ ಕರ್ನಾಟಕ 338 ರನ್ನಿನ ಗುರಿಯ ಬೆನ್ನುಹತ್ತಿತು. ಮನೀಶ್ ಪಾಂಡೆ 144 ಹೊಡೆದರೂ ತಂಡ ಆರೇ ರನ್ನುಗಳಿಂದ ಸೋತಿತು. ತಂಡ ಚದುರಲಿಲ್ಲ. ಆ ದಿನ ಸೋತವರಲ್ಲಿ ಪಾಂಡೆ, ವಿನಯ್ ಕುಮಾರ್, ಮಿಥುನ್ ಮೊದಲಾದವರು 2014ರಲ್ಲಿ ರಣಜಿ ಟ್ರೋಫಿಯನ್ನು ತಂದರು; ಮರುವರ್ಷವೂ ತಂದರು. ಆರು ರನ್ನಿನ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು.

ನಮ್ಮೂರಿನದೇ ಉದಾಹರಣೆ ಬೇಕೆಂದರೆ ಯರೇಗೌಡರಿದ್ದಾರೆ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದವರು. ಮೊದಲು ಕರ್ನಾಟಕಕ್ಕೆ ಆಡಿ ಮುಂದೆ ರೈಲ್ವೆ ತಂಡ ಸೇರಿದರು. ಅದುವರೆಗೆ ರಣಜಿ ಟ್ರೋಫಿಯನ್ನು ಮುಟ್ಟದಿದ್ದ ಆ ತಂಡ 2001-02ರಲ್ಲಿ ಮೊದಲ ಬಾರಿಗೆ, 2004-05ರಲ್ಲಿ ಎರಡನೆಯ ಬಾರಿಗೆ ಗೆದ್ದಾಗ ಅದರ ಬ್ಯಾಟಿಂಗಿಗೆ ಊರುಗೋಲಾಗಿದ್ದವರಲ್ಲಿ ಅವರೊಬ್ಬರು. ಮೊದಲ ಗೆಲುವಿನ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಆಮೇಲೆ ಕರ್ನಾಟಕಕ್ಕೆ ಮರಳಿಯೂ ಆಡಿದರು. ಭಾರತ ತಂಡದ ಕರೆ ಅವರಿಗೆ ಬರಲೇ ಇಲ್ಲ. ಆದರೂ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳಲ್ಲಿ ದಾಂಡು ಹಿಡಿದು ನಿಂತರು. ತಾಳ್ಮೆ ಎಂಬ ಮಾತಿಗೆ ನಿಘಂಟಿನಲ್ಲಿ ಅರ್ಥ ಹುಡುಕುವ ಮಕ್ಕಳಿಗೆ ನಾನು ಈ ಹೆಸರನ್ನು ಹೇಳುವುದುಂಟು.

ರಾಜ್ಯ ಕ್ರಿಕೆಟ್ ಸಂಸ್ಥೆ ನಮ್ಮ ಭಾಗವನ್ನು ರಾಯಚೂರು ವಲಯವೆಂದೇ ಹೆಸರಿಸಿದೆ. ಆ ಏಣಿ ನಮ್ಮೆದುರಿಗಿದೆ. ಏಣಿಯ ಮೊದಲ ಮೆಟ್ಟಿಲು ಮಾತ್ರ ಊರಿನ ಸಂಘ. ಮೊದಲ ಮೆಟ್ಟಿಲು ಮುರಿದ ಏಣಿ ಎಷ್ಟು ಎತ್ತರವಿದ್ದರೇನು, ಮಕ್ಕಳ ಕಾಲಿಗೆ ಎಟುಕದು.

ಪರಂಪರೆಯೆಂದರೇನೆಂದು ಈ ಮಣ್ಣಿಗೆ ಯಾರೂ ಕಲಿಸಬೇಕಾಗಿಲ್ಲ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರಿಂದ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರಿಗೆ, ಅವರಿಂದ ಮಾನ್ವಿಯ ಜಗನ್ನಾಥದಾಸರಿಗೆ ತಂಬೂರಿ ಕೈಯಿಂದ ಕೈಗೆ ಬಂತು. ಆಟಕ್ಕೂ ಹಾಡಿಗೂ ಸಾಟಿಯಿಲ್ಲವೆಂಬುದನ್ನು ಬಲ್ಲೆ. ಕೊಡುವ ಕೈ, ಪಡೆಯುವ ಕೈ ಎರಡೂ ಒಂದೆಡೆ ಕೂಡದೆ ಯಾವ ವಿದ್ಯೆಯೂ ಉಳಿಯದು ಎಂಬಷ್ಟಕ್ಕೆ ಈ ಹೋಲಿಕೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಓಣಿಯ ಸಂಘ ಈ ವರ್ಷ ಸೋತಿದ್ದರೆ, ಪಟ್ಟಿಯನ್ನು ಈ ವರ್ಷವೇ ಕೊಡಿ. ಪರೀಕ್ಷೆ ಮುಗಿದ ಮೇಲೆ ಮಗನನ್ನು ಮತ್ತೆ ಮೈದಾನಕ್ಕೆ ಕಳಿಸಿ. ಹಳ್ಳಿಯಿಂದ ಬರುವ ಹುಡುಗ ಶನಿವಾರ ರಾತ್ರಿಯೇ ಬಂದಿಳಿದರೆ ಮಲಗಲು ಒಂದು ಜಾಗ, ಉಣ್ಣಲು ಎರಡು ಜೋಳದ ರೊಟ್ಟಿ ಕೊಡಿ. ಬೆಳಗಿನ ಬಸ್ಸಿನ ಚಿಂತೆ ಅವನಿಗೂ ಇಲ್ಲ, ತಂಡಕ್ಕೂ ಇಲ್ಲ. ಸಂಘದ ಹಿರಿಯರು ಸೋತ ಪಂದ್ಯಗಳ ಸ್ಕೋರು ಪುಸ್ತಕವನ್ನೂ ಜೋಪಾನವಾಗಿ ಇಡಲಿ. ಮುಂದಿನ ದಸರೆಗೆ ತಂಡ ಕಟ್ಟುವಾಗ ಎಲ್ಲಿ ಮೊಳೆ ಸಡಿಲಿತ್ತು ಎಂಬುದನ್ನು ಆ ಪುಸ್ತಕ ಹೇಳುತ್ತದೆ.